ಮಗನ ಬೆನ್ನಿನ ಬಿಳಿ ಮಚ್ಚೆ, ಅಮ್ಮನ ಮೈಸಂದಿಯ ಉರಿ: ಈ ಈಸ್ಟ್ ಎಲ್ಲಿಂದ ಬಂತು?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಕುಂದಾಪುರದ ಹತ್ರ. ಮಗನಿಗೆ 19 ವರ್ಷ, ಮಂಗಳೂರಲ್ಲಿ ಹಾಸ್ಟೆಲ್‌ನಲ್ಲಿದ್ದು ಇಂಜಿನಿಯರಿಂಗ್ ಓದ್ತಿದ್ದಾನೆ. ಮಳೆಗಾಲ ಶುರುವಾದಾಗಿಂದ ಅವನ ಕುತ್ತಿಗೆ, ಎದೆ, ಬೆನ್ನಿನ ಮೇಲೆ ಬಿಳಿ ಮಚ್ಚೆ. ಮೆಡಿಕಲ್ ಶಾಪಲ್ಲಿ ಒಂದು ಟ್ಯೂಬ್ ಕೊಟ್ರು, ಹಚ್ಚಿದಾಗ ಕಮ್ಮಿ ಆದ ಹಾಗೆ ಕಾಣತ್ತೆ, ಬಿಟ್ರೆ ಮತ್ತೆ ಬರತ್ತೆ. ನೆಂಟರೊಬ್ರು ಇದು ತೊನ್ನಿನ ಶುರು ಅಂತ ಹೆದರಿಸಿಬಿಟ್ಟಿದ್ದಾರೆ. ನನಗೆ ಶುಗರ್ ಇದೆ. ನನಗೂ ಎದೆಯ ಕೆಳಗೆ, ತೊಡೆಸಂದಿಯಲ್ಲಿ ಕೆಂಪಗಾಗಿ ಉರಿ, ನಾನೂ ಅದೇ ಟ್ಯೂಬ್ ಹಚ್ತಿದ್ದೀನಿ. ಒಬ್ಬರು ಇದೆಲ್ಲ ಈಸ್ಟ್ ಇನ್ಫೆಕ್ಷನ್ ಅಂದ್ರು. ಈಸ್ಟ್ ಅಂದ್ರೆ ಬ್ರೆಡ್ಡಿಗೆ ಹಾಕೋದಲ್ವಾ? ಹಾಗಾದ್ರೆ ಬ್ರೆಡ್, ಹುಳಿ ಬಂದ ದೋಸೆ ಹಿಟ್ಟು ಬಿಡಬೇಕಾ? ಮೀನು, ಬದನೆಕಾಯಿ ನಂಜು ಅಂತಾರೆ. ಅವನಿಂದ ನನಗೆ ಅಂಟಿತಾ, ನನ್ನಿಂದ ಅವನಿಗಾ?

ಉತ್ತರ: ಅಮ್ಮಾ, ಮಿಕ್ಕಿದ್ದೆಲ್ಲಕ್ಕಿಂತ ಮೊದಲು ಆ ಟ್ಯೂಬ್ ತಗೊಂಡು ಬನ್ನಿ, ಅದರ ಮೇಲೆ ಸಣ್ಣ ಅಕ್ಷರದಲ್ಲಿ ಏನು ಬರೆದಿದೆ ಓದಿ. ಕ್ಲೋಬೆಟಸಾಲ್, ಬೀಟಾಮೆಥಾಸೋನ್, ಬೆಕ್ಲೋಮೆಥಾಸೋನ್, ಮೊಮೆಟಾಸೋನ್, ಈ ಥರದ ಹೆಸರು ಒಂದಾದ್ರೂ ಇದ್ರೆ ಅದು ಸ್ಟೀರಾಯ್ಡ್ ಸೇರಿಸಿದ ಕ್ರೀಮು, ಇವತ್ತಿಂದಲೇ ಇಬ್ಬರೂ ನಿಲ್ಲಿಸಿ. ಹಚ್ಚಿದಾಗ ಕಮ್ಮಿ, ಬಿಟ್ರೆ ಮತ್ತೆ ಅಂತ ನೀವು ಬರೆದಿದ್ದನ್ನ ಓದಿದಾಗಲೇ ನನಗೆ ಅದೇ ಅನುಮಾನ ಬಂತು. ನಮ್ಮಲ್ಲಿ ಕೌಂಟರ್ ಮೇಲೆ ಕೇಳಿದ ಕೂಡ್ಲೆ ಸಿಗೋ ಬಹಳಷ್ಟು ಟ್ಯೂಬುಗಳಲ್ಲಿ ಫಂಗಸ್ಸಿಗೊಂದು ಔಷಧಿ, ಬ್ಯಾಕ್ಟೀರಿಯಾಕ್ಕೊಂದು ಔಷಧಿ, ಜೊತೆಗೆ ಒಂದು ಜೋರಾದ ಸ್ಟೀರಾಯ್ಡ್, ಮೂರನ್ನೂ ಕಲಸಿರ್ತಾರೆ. ಸ್ಟೀರಾಯ್ಡ್ ಮಾಡೋ ಕೆಲಸ ಏನು ಅಂದ್ರೆ ಚರ್ಮ ಫಂಗಸ್ ವಿರುದ್ಧ ತೋರಿಸೋ ಸಿಟ್ಟನ್ನ ಅಡಗಿಸೋದು, ಹಾಗಾಗಿ ತುರಿಕೆ ಎರಡೇ ದಿನಕ್ಕೆ ನಿಲ್ಲತ್ತೆ, ಕೆಂಪು ಹೋಗತ್ತೆ, ವಾಸಿಯಾಯ್ತು ಅಂತ ನಾವು ಅಂದ್ಕೋತೀವಿ, ಆದ್ರೆ ತಡೆಯೋರು ಯಾರೂ ಇಲ್ಲದೆ ಫಂಗಸ್ ಒಳಗೊಳಗೇ ಹರಡ್ತಾ ಇರತ್ತೆ. ತಿಂಗಳುಗಟ್ಟಲೆ ಹಚ್ಚಿದವರ ತೊಡೆಸಂದಿಯಲ್ಲಿ ಚರ್ಮ ತೆಳ್ಳಗಾಗಿ ಬಸುರಿಯರ ಹೊಟ್ಟೆ ಮೇಲೆ ಬರೋ ಥರದ ಗೆರೆಗಳು ಮೂಡ್ತವೆ, ಆ ಗೆರೆ ಮತ್ತೆ ಪೂರ್ತಿ ಹೋಗಲ್ಲ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಸ್ಟೀರಾಯ್ಡ್ ಮುಲಾಮುಗಳನ್ನ ಶೆಡ್ಯೂಲ್ ಎಚ್ ಅನ್ನೋ ಪಟ್ಟಿಗೆ ಸೇರಿಸಿ ಡಾಕ್ಟ್ರ ಚೀಟಿ ಇಲ್ಲದೆ ಮಾರಬಾರದು ಅಂತ ಮಾಡಿದೆ, ಆದ್ರೂ ಮಾರಾಟ ನಿಂತಿಲ್ಲ, ಇದು ನನಗೆ ನಿಜವಾಗ್ಲೂ ಸಂಕಟ ಕೊಡೋ ವಿಷಯ. ನಿಲ್ಲಿಸಿದ ಮೇಲೆ ಒಂದಷ್ಟು ದಿನ ಕೆಂಪು, ತುರಿಕೆ ಜಾಸ್ತಿ ಆಗಬಹುದು, ಅದಕ್ಕೆ ಹೆದರಿ ಮತ್ತೆ ಅದೇ ಟ್ಯೂಬಿಗೆ ಕೈ ಹಾಕಬೇಡಿ.

ಈಗ ಮಗನ ವಿಷಯ. ಕಣ್ಣಿಂದ ನೋಡದೆ ನೂರಕ್ಕೆ ನೂರು ಹೇಳೋಕಾಗಲ್ಲ, ಆದ್ರೆ ನೀವು ಹೇಳಿದ ವಯಸ್ಸು, ಜಾಗ, ಕಾಲ ಮೂರೂ ಚಿಬ್ಬಿಗೇ ಹೊಂದತ್ತೆ, ಕೆಲವು ಕಡೆ ಸಿಬ್ಬು ಅಂತಾರಲ್ಲ, ಅದೇ. ಈಸ್ಟ್ ಅಂದ್ರೆ ಫಂಗಸ್ಸಿನದ್ದೇ ಒಂದು ಬಗೆ, ಇದನ್ನ ಮಾಡೋ ಈಸ್ಟ್ ಹೆಸರು ಮಲಸೀಝಿಯಾ. 19ನೇ ಶತಮಾನದಲ್ಲಿ ಲೂಯಿ ಮಲಸೇ ಅನ್ನೋ ಫ್ರೆಂಚ್ ವಿಜ್ಞಾನಿ ತಲೆಹೊಟ್ಟಿನಲ್ಲಿ ಇದನ್ನ ಗುರುತಿಸಿದ್ರು, ಅವರ ಹೆಸರೇ ಉಳ್ಕೊಂಡಿದೆ. ಇದು ಎಲ್ಲಿಂದ ಬಂತು ಅಂತ ಕೇಳಿದ್ರೆ ಉತ್ತರ: ಎಲ್ಲಿಂದಲೂ ಬರಲಿಲ್ಲ. ನನ್ನ ಮೈಮೇಲೂ ಇದೆ, ನಿಮ್ಮ ಮೈಮೇಲೂ ಇದೆ, ದೊಡ್ಡವರಾದ ಹೆಚ್ಚುಕಮ್ಮಿ ಎಲ್ಲರ ಚರ್ಮದಲ್ಲೂ ಇದು ಸುಮ್ಮನೆ ವಾಸ ಮಾಡ್ಕೊಂಡಿರತ್ತೆ. ನಿಮ್ಮ ಊರಲ್ಲಿ ಜೂನ್ ಬಂದ ಕೂಡ್ಲೆ ಕಪಾಟಿನಲ್ಲಿಟ್ಟ ಚರ್ಮದ ಬೆಲ್ಟು, ಬ್ಯಾಗಿಗೆ ಬೂಷ್ಟು ಹಿಡಿಯತ್ತಲ್ಲ, ಆ ಬೂಷ್ಟಿನ ಬೀಜ ಮಾರ್ಚಲ್ಲೂ ಅಲ್ಲೇ ಇತ್ತು, ತೇವ ಸಿಕ್ಕಿದ ಮೇಲೆ ಬೆಳೀತು, ಇದೂ ಹಾಗೇ. ಹಾಗಾಗಿ ಯಾರಿಂದ ಬಂತು ಅಂತ ಹುಡುಕೋದಕ್ಕಿಂತ ಈಗ ಯಾಕೆ ಬೆಳೀತಿದೆ, ಮೈಯಲ್ಲಿ ಅಥವಾ ಮೈಸುತ್ತ ಏನು ಬದಲಾಯ್ತು ಅಂತ ಹುಡುಕಿದ್ರೆ ಔಷಧಿ ಅರ್ಧ ಸಿಕ್ಕಿದ ಹಾಗೆ. ಈ ಮಾತು ನಿಮ್ಮ ಮಗನಿಗೂ ಅನ್ವಯಿಸತ್ತೆ, ನಿಮಗೂ ಅನ್ವಯಿಸತ್ತೆ, ಈಸ್ಟ್ ಬೇರೆ ಬೇರೆ ಆದ್ರೂ.

ಮಲಸೀಝಿಯಾಗೆ ಒಂದು ವಿಚಿತ್ರ ಇದೆ, ಇದಕ್ಕೆ ತನಗೆ ಬೇಕಾದ ಕೊಬ್ಬಿನ ಆಮ್ಲವನ್ನ ತಾನೇ ತಯಾರಿಸಿಕೊಳ್ಳೋಕೆ ಬರಲ್ಲ. ಅದಕ್ಕೇ ಲ್ಯಾಬಿನಲ್ಲಿ ಫಂಗಸ್ ಬೆಳೆಸೋಕೆ ಬಳಸೋ ಮಾಮೂಲಿ ಆಹಾರದಲ್ಲಿ ಇಟ್ರೆ ಬೆಳೆಯೋದೇ ಇಲ್ಲ, ಮೇಲೆ ಆಲಿವ್ ಎಣ್ಣೆ ಹಾಕಿದ್ರೆ ಬೆಳೆಯತ್ತೆ. ನಮ್ಮ ಚರ್ಮದ ಎಣ್ಣೆಯೇ ಇದರ ಊಟ. ಎಣ್ಣೆ ಗ್ರಂಥಿಗಳು ಜೋರಾಗಿ ಕೆಲಸ ಮಾಡೋದು ಹರೆಯದಲ್ಲಿ, ಗ್ರಂಥಿ ಹೆಚ್ಚಿರೋದು ತಲೆ, ಮುಖ, ಎದೆ, ಬೆನ್ನಿನ ಮೇಲ್ಭಾಗದಲ್ಲಿ, ಅದಕ್ಕೇ ಚಿಬ್ಬು 15ರಿಂದ 30 ವಯಸ್ಸಿನವರಿಗೆ ಜಾಸ್ತಿ, ಅದೂ ಆ ಜಾಗಗಳಲ್ಲೇ. ಇದರ ಜೊತೆ ಕರಾವಳಿಯ ಸೆಕೆ, ಬೆವರು, ಹಾಸ್ಟೆಲ್ ರೂಮಲ್ಲಿ ಹಗ್ಗದ ಮೇಲೆ ಎರಡು ದಿನ ಆದ್ರೂ ಒಣಗದ ಬನಿಯನ್, ಆಟ ಆಡಿ ಬಂದು ಅದೇ ಬೆವರಿನ ಟೀಶರ್ಟಲ್ಲಿ ಮಲಗೋದು, ಇಷ್ಟು ಸಾಕು. ಸುಮ್ಮನೆ ಗುಂಡಗೆ ಇರ್ತಿದ್ದ ಈಸ್ಟು ಸಣ್ಣ ಎಳೆಗಳಾಗಿ ಬೆಳೆಯೋಕೆ ಶುರು ಮಾಡತ್ತೆ, ಕಾಯಿಲೆ ಅಂದ್ರೆ ಆ ರೂಪ. ಕೊಳಕಾಗಿರೋರಿಗೆ ಮಾತ್ರ ಬರತ್ತೆ ಅನ್ನೋದು ಸುಳ್ಳು, ದಿನಾ ಎರಡು ಹೊತ್ತು ಸ್ನಾನ ಮಾಡೋರಿಗೂ ಬರತ್ತೆ, ನಿಮ್ಮ ಮಗನಿಗೆ ಈ ಬಗ್ಗೆ ಯಾರೂ ಬೈಯಬೇಡಿ.

ಬಿಳಿ ಯಾಕೆ ಆಗತ್ತೆ ಅಂದ್ರೆ, ಎಣ್ಣೆಯನ್ನ ಮುರಿದು ತಿನ್ನುವಾಗ ಈ ಈಸ್ಟಿನಿಂದ ಕೆಲವು ವಸ್ತುಗಳು ಹುಟ್ತವೆ, ಅಜಿಲಾಯಿಕ್ ಆಸಿಡ್ ಅಂಥದ್ದೊಂದು, ಅವು ಚರ್ಮಕ್ಕೆ ಬಣ್ಣ ಕೊಡೋ ಕೆಲಸವನ್ನ ನಿಧಾನ ಮಾಡ್ತವೆ ಅಂತ ಲ್ಯಾಬಿನಲ್ಲಿ ಕಂಡಿದ್ದಾರೆ. (ಇದೇ ಅಜಿಲಾಯಿಕ್ ಆಸಿಡ್ಡನ್ನ ಮುಖದ ಕಪ್ಪು ಕಲೆಗೆ ಕ್ರೀಮಾಗಿ ನಾವೇ ಬರೆದುಕೊಡ್ತೀವಿ.) ಬಣ್ಣ ಮಾಡೋ ಕೋಶಗಳು ಸಾಯಲ್ಲ, ಅಲ್ಲೇ ಇರ್ತವೆ. ತೊನ್ನಿನಲ್ಲಿ ಆಗೋದು ಬೇರೆ, ಅಲ್ಲಿ ಆ ಕೋಶಗಳೇ ನಾಶ ಆಗ್ತವೆ, ಹಾಗಾಗಿ ಮಚ್ಚೆ ಹಾಲಿನಷ್ಟು ಬಿಳಿ, ಮೇಲ್ಮೈ ನುಣುಪು, ಕೆಲವೊಮ್ಮೆ ಅಲ್ಲಿನ ಕೂದಲೂ ಬೆಳ್ಳಗೆ. ಚಿಬ್ಬಿನ ಮಚ್ಚೆ ಮಾಸಲು ಬಿಳಿ, ಕೆಲವರಿಗೆ ಕಂದು, ಕೆಲವರಿಗೆ ನಸುಗೆಂಪು. ಉಗುರಿನಿಂದ ಮೆಲ್ಲಗೆ ಕೆರೆದು ನೋಡಿ, ಸಣ್ಣ ಹೊಟ್ಟು ಎದ್ದರೆ ಅದು ತೊನ್ನಲ್ಲ. ನೆಂಟರಿಗೆ ಇದನ್ನೇ ಹೇಳಿ. ಇನ್ನೊಂದು ಪರೀಕ್ಷೆ ಮನೇಲೇ ಮಾಡಲೇಬೇಕು, ಯಾಕಂದ್ರೆ ಇದನ್ನ ಬಿಟ್ರೆ ನಷ್ಟ ದೊಡ್ಡದು: ಅವನು ಕಣ್ಣು ಮುಚ್ಚಿರಲಿ, ಹತ್ತಿಯ ಎಳೆಯಿಂದ ಮಚ್ಚೆಯ ಮೇಲೆ ಮುಟ್ಟಿ. ಮುಟ್ಟಿದ್ದು ಗೊತ್ತಾಗಲಿಲ್ಲ ಅಂದ್ರೆ, ಜೋಮು ಅಂದ್ರೆ, ಅದು ಕುಷ್ಠದ ಮಚ್ಚೆ ಇರಬಹುದು, ತಡ ಮಾಡದೆ ಸರ್ಕಾರಿ ಆಸ್ಪತ್ರೆಗೆ ಹೋಗಿ, ಚಿಕಿತ್ಸೆ ಪೂರ್ತಿ ಉಚಿತ, ಬೇಗ ಶುರು ಮಾಡಿದ್ರೆ ಪೂರ್ತಿ ವಾಸಿ.

ಚರ್ಮದ ಡಾಕ್ಟ್ರ ಹತ್ರ ಹೋದ್ರೆ ಅವರು ಸ್ವಲ್ಪ ಹೊಟ್ಟು ಕೆರೆದು ಗಾಜಿನ ಮೇಲಿಟ್ಟು ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಒಂದು ಹನಿ ಹಾಕಿ ಮೈಕ್ರೋಸ್ಕೋಪಲ್ಲಿ ನೋಡ್ತಾರೆ, ಗುಂಡು ಗುಂಡು ಈಸ್ಟು, ನಡುವೆ ತುಂಡು ಎಳೆಗಳು ಕಂಡ್ರೆ ಮುಗೀತು. ದೊಡ್ಡ ಖರ್ಚೂ ಇಲ್ಲ, ನೋವೂ ಇಲ್ಲ, ಇದನ್ನ ಮಾಡಿಸಿ ಔಷಧಿ ಶುರು ಮಾಡಿದ್ರೆ ಒಳ್ಳೇದು.

ಔಷಧಿ ಸರಳ. ಕೀಟೊಕೊನಜೋಲ್ 2% ಶಾಂಪೂ. ತಲೆಗೆ ಹಾಕೋದೇ, ಆದ್ರೆ ಇಲ್ಲಿ ಮೈಗೆ. ಒದ್ದೆ ಮೈಗೆ ಕುತ್ತಿಗೆಯಿಂದ ಸೊಂಟದ ತನಕ, ಮಚ್ಚೆ ಇರೋ ಕಡೆ ಮಾತ್ರ ಅಲ್ಲ ಪೂರ್ತಿ ಹಚ್ಚಿ, 5 ನಿಮಿಷ ಬಿಟ್ಟು ತೊಳೀಬೇಕು, ದಿನಕ್ಕೊಂದು ಸಲ, 5 ದಿನ. ಬೆನ್ನಿಗೆ ತಾನೇ ಹಚ್ಕೊಳೋಕೆ ಆಗಲ್ಲ, ಸ್ನೇಹಿತನ ಸಹಾಯ ತಗೊಳ್ಳಲಿ, ಅಂಟತ್ತೆ ಅನ್ನೋ ಭಯ ಬೇಡ. ಇದು ಸಿಗದಿದ್ರೆ ಸೆಲೀನಿಯಂ ಸಲ್ಫೈಡ್ 2.5% ಇದೆ, ಅದನ್ನ 10 ನಿಮಿಷ ಬಿಟ್ಟು ತೊಳೀಬೇಕು, 7 ದಿನ. ತಲೆಹೊಟ್ಟು ಇದ್ಯಾ ಅಂತಲೂ ಕೇಳಿ, ತಲೆಹೊಟ್ಟಿನಲ್ಲೂ ಇದೇ ಈಸ್ಟಿನ ಕೈವಾಡ ಇರೋದ್ರಿಂದ ಅದೇ ಶಾಂಪೂ ತಲೆಗೂ ಹಾಕಿದ್ರೆ ಎರಡೂ ಒಟ್ಟಿಗೆ ಹತೋಟಿಗೆ ಬರ್ತವೆ. ಎಣ್ಣೆ ಸ್ನಾನ ನಮ್ಮ ಕಡೆ ಪ್ರೀತಿಯ ವಿಷಯ, ನನಗೆ ಅರ್ಥ ಆಗತ್ತೆ, ಆದ್ರೆ ಚಿಬ್ಬು ಇರುವಾಗ ಮೈಗೆ ತೆಂಗಿನೆಣ್ಣೆ ಹಚ್ಚಿ ಹಾಗೇ ಬಿಡೋದು ಬೇಡ. ನಿಂಬೆರಸ ತಿಕ್ಕಿ ಬಿಸಿಲಿಗೆ ಹೋಗೋದಂತೂ ಬೇಡವೇ ಬೇಡ, ನಿಂಬೆರಸದ ಮೇಲೆ ಬಿಸಿಲು ಬಿದ್ರೆ ಚರ್ಮ ಸುಟ್ಟು ಬೊಬ್ಬೆ ಬರತ್ತೆ, ಅದರ ಕಪ್ಪು ಕಲೆ ತಿಂಗಳುಗಟ್ಟಲೆ ಇರತ್ತೆ.

ಮೈ ತುಂಬ ಹರಡಿದ್ರೆ ಡಾಕ್ಟ್ರು ಕೆಲವು ದಿನಕ್ಕೆ ಇಟ್ರಾಕೊನಜೋಲ್ ಅಥವಾ ಫ್ಲೂಕೊನಜೋಲ್ ಮಾತ್ರೆ ಕೊಡಬಹುದು. ಫಂಗಸ್ ಅಂದ ಕೂಡ್ಲೆ ಟರ್ಬಿನಾಫಿನ್ ಮಾತ್ರೆ ನುಂಗೋರು ತುಂಬ ಜನ ಇದ್ದಾರೆ, ಅದು ಚಿಬ್ಬಿಗೆ ಕೆಲಸ ಮಾಡಲ್ಲ. ಅದು ಬೇಕಾಗೋದು ಗಜಕರ್ಣಕ್ಕೆ, ನೀವು ಹುಳಕಡ್ಡಿ ಅಂತೀರಲ್ಲ ಅದಕ್ಕೆ. ಗಜಕರ್ಣ ಈಸ್ಟಿನ ಕಾಯಿಲೆಯೇ ಅಲ್ಲ, ಅದನ್ನ ಮಾಡೋ ಟ್ರೈಕೋಫೈಟಾನ್ ಅನ್ನೋ ಫಂಗಸ್ ತಿನ್ನೋದು ಎಣ್ಣೆಯನ್ನಲ್ಲ, ಚರ್ಮ, ಕೂದಲು, ಉಗುರಲ್ಲಿರೋ ಕೆರಾಟಿನ್ನನ್ನ. ಅಂಚು ಉಬ್ಬಿ ಉಂಗುರದ ಥರ ಹರಡತ್ತೆ, ತುರಿಕೆ ವಿಪರೀತ, ಟವೆಲ್ಲು, ಬಟ್ಟೆ, ಹಾಸಿಗೆಯಿಂದ ಮನೆಮಂದಿಗೆಲ್ಲ ಅಂಟತ್ತೆ. ಈಗ ನಮ್ಮ ದೇಶದಲ್ಲಿ ಟ್ರೈಕೋಫೈಟಾನ್ ಇಂಡೋಟಿನೇ ಅಂತ ಒಂದು ಜಾತಿ ಹರಡಿದೆ, ಅದರಲ್ಲಿ ಬಹಳಷ್ಟಕ್ಕೆ ಟರ್ಬಿನಾಫಿನ್ ಕೂಡ ನಾಟಲ್ಲ. ಕಂಡಕಂಡಲ್ಲಿ ಸ್ಟೀರಾಯ್ಡ್ ಮಿಕ್ಸ್ ಕ್ರೀಮ್ ಹಚ್ಚಿ, ಮಾತ್ರೆ ಅರ್ಧಕ್ಕೆ ಬಿಟ್ಟು ಈ ಸ್ಥಿತಿ ಇನ್ನೂ ಹದಗೆಟ್ಟಿದೆ. ಯಾವ ಫಂಗಸ್ ಅಂತ ತಿಳಿಯದೆ ಫಂಗಸ್ ಔಷಧಿ ತಗೋಬೇಡಿ ಅಂತ ನಾನು ಇಷ್ಟು ಒತ್ತಿ ಹೇಳೋದು ಇದಕ್ಕೇ.

ಒಂದು ವಿಷಯ ಮಗನಿಗೆ ಮುಂಚೆಯೇ ಹೇಳಿಬಿಡಿ, ಇಲ್ಲದಿದ್ರೆ ಅವನು ಬೇಜಾರು ಮಾಡ್ಕೋತಾನೆ. ಔಷಧಿ ಹಾಕಿದ ಮೇಲೂ ಬಿಳಿ ಮಚ್ಚೆ ಕೂಡ್ಲೆ ಹೋಗಲ್ಲ. ಫಂಗಸ್ ಸತ್ತಿರತ್ತೆ, ಬಣ್ಣ ಮಾತ್ರ ವಾಪಸ್ ಬರೋಕೆ ಎರಡು ಮೂರು ತಿಂಗಳು, ಕೆಲವರಿಗೆ ಇನ್ನೂ ಜಾಸ್ತಿ ಹಿಡಿಯತ್ತೆ. ಕೆರೆದಾಗ ಹೊಟ್ಟು ಏಳದಿದ್ರೆ ಕೆಲಸ ಆಗಿದೆ ಅಂತ ಅರ್ಥ, ಬಿಳಿ ಉಳಿದಿದೆ ಅಂತ ಔಷಧಿ ಮೇಲೆ ಔಷಧಿ ಹಾಕೋದು ಬೇಡ. ಮತ್ತೆ, ಇದು ಮುಂದಿನ ಮಳೆಗಾಲಕ್ಕೆ ಮರುಕಳಿಸೋದೇ ಹೆಚ್ಚು, ಈಸ್ಟು ಮೈಬಿಟ್ಟು ಹೋಗಿರಲ್ಲ ನೋಡಿ. ಅದಕ್ಕೆ ಏಪ್ರಿಲ್ ಮೇ ಸೆಕೆಯಿಂದ ಮಳೆ ಮುಗಿಯೋ ತನಕ ತಿಂಗಳಿಗೊಂದೆರಡು ಸಲ ಅದೇ ಶಾಂಪೂ ಮೈಗೆ ಹಚ್ಚಿ ತೊಳೆದ್ರೆ ಬಹಳ ಮಟ್ಟಿಗೆ ತಡೀಬಹುದು. ಬೆನ್ನ ಮೇಲೆ ಒಂದೇ ಅಳತೆಯ ಸಣ್ಣ ಸಣ್ಣ ತುರಿಸೋ ಗುಳ್ಳೆಗಳೂ ಇದ್ರೆ ಅದನ್ನ ಮೊಡವೆ ಅಂದ್ಕೊಂಡು ಆಂಟಿಬಯೋಟಿಕ್ ನುಂಗಿಸಬೇಡಿ, ಇದೇ ಮಲಸೀಝಿಯಾ ಕೂದಲ ಬುಡಕ್ಕೆ ಇಳಿದ್ರೂ ಹಾಗೇ ಕಾಣತ್ತೆ, ಆಂಟಿಬಯೋಟಿಕ್ಕಿಂದ ಅದು ಜಾಸ್ತಿನೇ ಆಗತ್ತೆ.

ಇನ್ನು ನಿಮ್ಮದು. ನನಗೆ ಮಗನಿಗಿಂತ ನಿಮ್ಮ ಬಗ್ಗೆ ಹೆಚ್ಚು ಕಾಳಜಿ ಆಯ್ತು, ಯಾಕಂದ್ರೆ ನೀವು ಶುಗರ್ ಇದೆ ಅಂತ ಒಂದೇ ಪದದಲ್ಲಿ ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ. ಎದೆಯ ಕೆಳಗೆ, ತೊಡೆಸಂದಿಯಲ್ಲಿ ಕೆಂಪು, ಉರಿ ಅಂದ್ರೆ ಅದು ಕ್ಯಾಂಡಿಡಾ ಅನ್ನೋ ಇನ್ನೊಂದು ಈಸ್ಟ್ ಇರೋ ಸಾಧ್ಯತೆ ಜಾಸ್ತಿ. ಇದೂ ಹೊರಗಿಂದ ಬಂದಿದ್ದಲ್ಲ, ಬಾಯಿ, ಕರುಳು, ಹೆಂಗಸರ ಯೋನಿಯಲ್ಲಿ ಮೊದಲಿಂದಲೇ ಇರುವಂಥದ್ದು. ಕ್ಯಾಂಡಿಡಾಗೆ ಎಣ್ಣೆ ಬೇಡ, ಬೇಕಾಗಿರೋದು ತೇವ, ಬಿಸಿ, ಚರ್ಮ ಚರ್ಮಕ್ಕೆ ಉಜ್ಜೋ ಜಾಗ, ಮತ್ತೆ ಸಕ್ಕರೆ. ಸಂದಿಯಲ್ಲಿ ಹಸಿ ಮಾಂಸದಷ್ಟು ಕೆಂಪು, ಆಳದಲ್ಲಿ ಬೆಳ್ಳಗೆ ನೆನೆದ ಚರ್ಮ, ಕೆಂಪು ಮುಗಿಯೋ ಅಂಚಿನ ಆಚೆ ಸಣ್ಣ ಸಣ್ಣ ಕೀವಿನ ಚುಕ್ಕೆಗಳು ಚದುರಿದ್ರೆ ಬಹುತೇಕ ಅದೇ. ಪಾತ್ರೆ, ಬಟ್ಟೆ, ಮೀನು ಅಂತ ಇಡೀ ದಿನ ನೀರಲ್ಲಿ ಕೈ ಇರೋರಿಗೆ ಬೆರಳ ಸಂದಿ ಬೆಳ್ಳಗಾಗಿ ಒಡೆಯೋದು, ಉಗುರಿನ ಬುಡ ಊದಿಕೊಳ್ಳೋದು ಕೂಡ ಅನೇಕ ಸಲ ಇದೇ ಈಸ್ಟಿಂದ, ನಿಮ್ಮ ಕೈಯನ್ನೂ ಒಮ್ಮೆ ನೋಡ್ಕೊಳ್ಳಿ.

ಹಾಗಾದ್ರೆ ನಿಮ್ಮ ಮೈಯಲ್ಲಿ ಏನು ಬದಲಾಯ್ತು? ಮೂರು ತಿಂಗಳ ಶುಗರ್ ಸರಾಸರಿ ತೋರಿಸೋ ಎಚ್‌ಬಿಎ1ಸಿ ಪರೀಕ್ಷೆ ಯಾವಾಗ ಮಾಡಿಸಿದ್ದೀರಿ? ಶುಗರ್ ಜಾಸ್ತಿ ಇರೋ ತನಕ ಯಾವ ಕ್ರೀಮ್ ಹಚ್ಚಿದ್ರೂ ಇದು ತಿರುಗಿ ತಿರುಗಿ ಬರತ್ತೆ. ಎಷ್ಟೋ ಜನಕ್ಕೆ ಶುಗರ್ ಇದೆ ಅಂತ ಗೊತ್ತಾಗೋದೇ ಹೀಗೆ, ಸಂದಿಯ ಹುಣ್ಣಿಗೆ ಅಂತ ಬಂದಾಗ. ಇತ್ತೀಚೆಗೆ ಡಾಕ್ಟ್ರು ಡಾಪಾಗ್ಲಿಫ್ಲೋಜಿನ್ ಅಥವಾ ಎಂಪಾಗ್ಲಿಫ್ಲೋಜಿನ್ ಅನ್ನೋ ಮಾತ್ರೆ ಹೊಸದಾಗಿ ಕೊಟ್ಟಿದ್ದಾರಾ? ಒಳ್ಳೇ ಮಾತ್ರೆಗಳೇ, ಹೃದಯಕ್ಕೂ ಕಿಡ್ನಿಗೂ ಉಪಕಾರ, ಆದ್ರೆ ಅವು ಸಕ್ಕರೆಯನ್ನ ಮೂತ್ರದಲ್ಲಿ ಹೊರಹಾಕೋದ್ರಿಂದ ಮೂತ್ರದ ಜಾಗದಲ್ಲಿ ಕ್ಯಾಂಡಿಡಾ ತುರಿಕೆ ಶುರುವಾಗಬಹುದು, ಹೆಂಗಸರಿಗೂ ಆಗತ್ತೆ, ಗಂಡಸರಿಗೂ. ನಾಚಿಕೆಯಿಂದ ಹೇಳದೇ ತಿಂಗಳುಗಟ್ಟಲೆ ನರಳೋರನ್ನ ನೋಡಿದ್ದೀನಿ. ಮಾತ್ರೆ ನೀವಾಗಿ ನಿಲ್ಲಿಸಬೇಡಿ, ಕೊಟ್ಟ ಡಾಕ್ಟ್ರಿಗೆ ಹೇಳಿ. ಬೇರೆ ಯಾವುದಕ್ಕೋ ಆಂಟಿಬಯೋಟಿಕ್ ಕೋರ್ಸ್ ಆಗಿದ್ರೂ ಹೀಗಾಗತ್ತೆ, ಕ್ಯಾಂಡಿಡಾ ಹದ್ದುಮೀರದ ಹಾಗೆ ನೋಡ್ಕೊಳ್ಳೋ ಬ್ಯಾಕ್ಟೀರಿಯಾಗಳು ಸತ್ತಿರ್ತವೆ.

ಹಚ್ಚೋಕೆ ಸ್ಟೀರಾಯ್ಡ್ ಸೇರದ ಬರೀ ಕ್ಲೋಟ್ರಿಮಜೋಲ್ 1% ಅಥವಾ ಮೈಕೊನಜೋಲ್ 2% ಕ್ರೀಮ್, ದಿನಕ್ಕೆರಡು ಸಲ, ಎರಡು ವಾರ, ಕೆಂಪು ಹೋದ ಮೇಲೂ ಒಂದು ವಾರ ಬಿಡಬೇಡಿ. ಕ್ರೀಮಿಗಿಂತ ಮುಖ್ಯ ಒಣಗಿಸೋದು. ಸ್ನಾನ ಆದ ಮೇಲೆ ಮೆತ್ತನೆ ಹಳೇ ಕಾಟನ್ ಬಟ್ಟೆಯಿಂದ ಒತ್ತಿ ಒರೆಸಿ, ತಿಕ್ಕಬೇಡಿ, ಫ್ಯಾನ್ ಕೆಳಗೆ ಎರಡು ನಿಮಿಷ ಕೂತು ಪೂರ್ತಿ ಆರಿದ ಮೇಲೆ ಕ್ರೀಮ್ ಹಚ್ಚಿ, ಎದೆಯ ಕೆಳಗೆ ಒಂದು ತೆಳು ಕಾಟನ್ ಬಟ್ಟೆ ಮಡಚಿಟ್ಟುಕೊಂಡು ಒದ್ದೆ ಆದಾಗೆಲ್ಲ ಬದಲಿಸಿ. ಮಳೆಗಾಲದಲ್ಲಿ ಒಳಬಟ್ಟೆ ಒಣಗೋದೇ ಇಲ್ಲ ಅಂತ ನನಗೂ ಗೊತ್ತು, ಇಸ್ತ್ರಿ ಮಾಡಿ ತೇವ ತೆಗೆದು ಹಾಕ್ಕೊಳ್ಳಿ, ಅರೆ ಒಣಗಿದ್ದನ್ನ ಮೈಮೇಲೆ ಒಣಗಲಿ ಅಂತ ಹಾಕ್ಕೋಬೇಡಿ. ಅರಿಶಿನ, ಬೇವಿನ ಪೇಸ್ಟು, ಬಾತ್ರೂಮಿನ ಆಂಟಿಸೆಪ್ಟಿಕ್ ಲಿಕ್ವಿಡ್ಡು ಈ ಹಸಿ ಚರ್ಮದ ಮೇಲೆ ಬೇಡ, ಸುಡತ್ತೆ. ಪೌಡರ್ ಬೆವರಿಗೆ ಗಂಟುಕಟ್ಟಿ ಇನ್ನಷ್ಟು ಉಜ್ಜತ್ತೆ.

ಮಾತ್ರೆ ವಿಷಯದಲ್ಲಿ ನಿಮಗೆ ಒಂದು ಎಚ್ಚರಿಕೆ. ಫ್ಲೂಕೊನಜೋಲ್ ಮಾತ್ರೆಯನ್ನ ಕೇಳಿ ತಂದು ನುಂಗೋದು ಮಾಮೂಲಾಗಿಬಿಟ್ಟಿದೆ. ನೀವು ಶುಗರಿಗೆ ಗ್ಲಿಮೆಪಿರೈಡ್ ಅಥವಾ ಗ್ಲಿಬೆನ್‌ಕ್ಲಮೈಡ್ ತಗೋತಿದ್ರೆ, ಫ್ಲೂಕೊನಜೋಲ್ ಅವು ದೇಹದಲ್ಲಿ ಕರಗೋದನ್ನ ತಡೆದು ಶುಗರ್ ದಿಢೀರ್ ಕುಸಿಯೋ ಹಾಗೆ ಮಾಡಬಹುದು, ಬೆವರು, ನಡುಕ, ತಲೆಸುತ್ತು ಬಂದು ಬೀಳೋ ಮಟ್ಟಕ್ಕೂ ಹೋಗಬಹುದು. ರಕ್ತ ತೆಳು ಮಾಡೋ ವಾರ್ಫರಿನ್ ತಗೊಳೋರಿಗೂ ಇದು ಅಪಾಯ. ಇಟ್ರಾಕೊನಜೋಲ್ ಹೃದಯ ದುರ್ಬಲ ಇರೋರಿಗೆ ಕೊಡಬಾರದು, ಕೊಲೆಸ್ಟ್ರಾಲಿನ ಕೆಲವು ಮಾತ್ರೆ ಜೊತೆ ಹೊಂದಲ್ಲ. ಯಾವ ಡಾಕ್ಟ್ರ ಹತ್ರ ಹೋದ್ರೂ ನುಂಗೋ ಮಾತ್ರೆಗಳ ಪಟ್ಟಿ ಕೈಲಿ ಹಿಡ್ಕೊಂಡು ಹೋಗಿ.

ಊಟದ ಬಗ್ಗೆ ಕೇಳಿದ್ರಿ. ಬ್ರೆಡ್ಡಿನ ಈಸ್ಟು ಸ್ಯಾಕರೋಮೈಸಿಸ್ ಅನ್ನೋ ಬೇರೆಯೇ ಜಾತಿ, ಹಿಟ್ಟಿಗೆ ಹಾಕಿದ್ದು ಒಲೆಯ ಬಿಸಿಗೆ ಸತ್ತೂ ಹೋಗಿರತ್ತೆ. ದೋಸೆ, ಇಡ್ಲಿ ಹಿಟ್ಟನ್ನ ಉಬ್ಬಿಸಿ ಹುಳಿ ಮಾಡೋದು ಮುಖ್ಯವಾಗಿ ಲ್ಯೂಕೊನಾಸ್ಟಾಕ್ ಥರದ ಬ್ಯಾಕ್ಟೀರಿಯಾಗಳು. ಇವು ಯಾವುವೂ ಚಿಬ್ಬು ತರಲ್ಲ, ಸಂದಿಯ ಹುಣ್ಣೂ ತರಲ್ಲ. ಮೀನು, ಬದನೆಕಾಯಿ ಬಿಟ್ರೆ ಈಸ್ಟು ಕಮ್ಮಿ ಆಗಲ್ಲ, ಹಾಸ್ಟೆಲ್ಲಿಂದ ಮನೆಗೆ ಬಂದ ಹುಡುಗನಿಗೆ ಮೀನುಸಾರು ಬಡಿಸಿ. ನಿಮ್ಮ ತಟ್ಟೆ ಮಾತ್ರ ಬೇರೆ, ನೀವು ಲೆಕ್ಕ ಇಡಬೇಕಾದ್ದು ಅನ್ನ ಮತ್ತೆ ಸಿಹಿಯದ್ದು, ಅದು ಈಸ್ಟಿಗೆ ಹೆದರಿ ಅಲ್ಲ, ಶುಗರಿಗೋಸ್ಕರ.

ಅವನಿಂದ ನಿಮಗೆ ಬಂದಿಲ್ಲ, ನಿಮ್ಮಿಂದ ಅವನಿಗೂ ಬಂದಿಲ್ಲ, ಎರಡೂ ಬೇರೆ ಬೇರೆ ಈಸ್ಟು, ಇಬ್ಬರ ಮೈಯಲ್ಲೂ ಅವರವರದ್ದೇ. ಒಂದೇ ಮನೇಲಿ ಊಟ ಮಾಡಿ, ಮಲಗಿ, ಏನೂ ಆಗಲ್ಲ. ಆದ್ರೆ ಮಗನ ಮೈಮೇಲೆ ಉಂಗುರದ ಥರದ ತುರಿಕೆ ಕಂಡ್ರೆ ಆವಾಗ ಟವೆಲ್ಲು, ಬಟ್ಟೆ ಬೇರೆ ಮಾಡಿ, ಮನೇಲಿ ತುರಿಕೆ ಇರೋ ಎಲ್ಲರಿಗೂ ಒಟ್ಟಿಗೇ ಚಿಕಿತ್ಸೆ ಆಗಬೇಕು. ನಿಮಗೆ ಎರಡು ವಾರದಲ್ಲಿ ಉರಿ ಇಳಿಯದಿದ್ರೆ, ವಾಸನೆ, ಕೀವು, ಜ್ವರ ಬಂದ್ರೆ, ಕೆಂಪು ಸಂದಿ ಬಿಟ್ಟು ಹೊರಗೆ ಹರಡಿ ಮುಟ್ಟಿದ್ರೆ ನೋವಾದ್ರೆ ಕಾಯಬೇಡಿ, ಶುಗರ್ ಇರೋರಲ್ಲಿ ಅಲ್ಲಿ ಬ್ಯಾಕ್ಟೀರಿಯಾ ಸೇರಿಕೊಂಡ್ರೆ ದಿನಗಳಲ್ಲಿ ಜೋರಾಗತ್ತೆ. ಚರ್ಮದ ಡಾಕ್ಟ್ರಿಗೆ ತೋರಿಸೋಕೆ ಹೋಗುವಾಗ ಆ ಹಳೇ ಟ್ಯೂಬನ್ನ ಬಿಸಾಕದೆ ಜೊತೇಲಿ ತಗೊಂಡು ಹೋಗಿ, ಎಷ್ಟು ವಾರ ಹಚ್ಚಿದ್ರಿ ಅಂತಲೂ ಹೇಳಿ, ಸ್ಟೀರಾಯ್ಡ್ ಹಚ್ಚಿದ ಚರ್ಮದಲ್ಲಿ ಫಂಗಸ್ ತನ್ನ ಮಾಮೂಲಿ ರೂಪದಲ್ಲಿ ಕಾಣದೇ ಇರೋದ್ರಿಂದ ಅವರಿಗೆ ಅದು ಗೊತ್ತಿರಲೇಬೇಕು.